“ಒಳ್ಳೆಯ ಆರ್ಕಿಟೆಕ್ಟ್ ನಂಬರ್ ಇದ್ದರೆ ಕೊಡಿ” ಎನ್ನುವವರಿಗೆ

ಮೈಸೂರಿನಲ್ಲಿ ಅಪ್ಪ ಕಟ್ಟಿಸಿದ್ದ ಹಳೆಯ ಮನೆಯನ್ನು ಕೆಡವದೆ, ಆರ್ಕಿಟೆಕ್ಟ್ ಒಬ್ಬರ ಕೈಯಲ್ಲಿ ನವೀಕರಣ ಮಾಡಿಸಿದೆವು ಎಂಬ ಸುದ್ದಿ ಬಂಧುಬಳಗದಲ್ಲಿ ಹರಡಿದಂದಿನಿಂದ ನನಗೆ ಒಂದೇ ಧಾಟಿಯ ಫೋನುಗಳು ಬರುತ್ತಿವೆ: “ಒಳ್ಳೆ ಆರ್ಕಿಟೆಕ್ಟ್ ಯಾರಾದ್ರೂ ಇದ್ರೆ ನಂಬರ್ ಕೊಡಿ, ಆದ್ರೆ ಜಾಸ್ತಿ ತಗೊಳ್ಳೋರು ಬೇಡ.” ಬಾಯಿಮಾತಿನಲ್ಲಿ ಉತ್ತರಿಸಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಈ ಬರಹವನ್ನು ಕಳುಹಿಸುತ್ತೇನೆ, ನಂಬರನ್ನು ಕಳುಹಿಸುವುದಿಲ್ಲ.

ಇದು ಮದುವೆಗೆ ಅಡುಗೆ ಭಟ್ಟರ ನಂಬರ್ ಕೇಳುವ ಧಾಟಿ. ನಮ್ಮ ಮನೆಯಲ್ಲಿ ಒಳ್ಳೆಯ ಹೋಳಿಗೆ ಮಾಡಿದ ಭಟ್ಟರು ನಿಮ್ಮ ಮನೆಯಲ್ಲೂ ಒಳ್ಳೆಯ ಹೋಳಿಗೆಯನ್ನೇ ಮಾಡುತ್ತಾರೆ. ಆದರೆ ವಯಸ್ಸಾದ ತಾಯಿ ಇರುವ ಹಳೆಯ ಇಟ್ಟಿಗೆ ಮನೆಯನ್ನು ಜೋಪಾನವಾಗಿ ಬಿಡಿಸಿ ಜೋಡಿಸಿದವರು, ಖಾಲಿ ಮೂವತ್ತು–ನಲವತ್ತರ ಸೈಟಿನಲ್ಲಿ ಕೆಳಗೆ ನೀವು, ಮೇಲೆ ಎರಡು ಬಾಡಿಗೆ ಮನೆ ಎಂಬ ಲೆಕ್ಕಾಚಾರಕ್ಕೆ ಸರಿಹೊಂದುತ್ತಾರೆಯೇ ಎಂಬುದು ನನಗೆ ಹೇಗೆ ಗೊತ್ತಾಗಬೇಕು? ಇನ್ನು ‘ಜಾಸ್ತಿ ತಗೊಳ್ಳೋರು ಬೇಡ’ ಎನ್ನುವವರಲ್ಲಿ ಬಹುತೇಕರಿಗೆ ಆ ಹಣ ಯಾವ ಕೆಲಸಕ್ಕೆ ಎಂಬುದೇ ತಿಳಿದಿರುವುದಿಲ್ಲ.

ಕಳೆದ ವರ್ಷ ನಾಮಕರಣವೊಂದರ ಪಂಕ್ತಿಯಲ್ಲಿ ನಡೆದದ್ದನ್ನು ಹೇಳಿದರೆ ನನ್ನ ಸಿಡುಕಿನ ಮೂಲ ಅರ್ಥವಾದೀತು. ಪಕ್ಕದ ಎಲೆಗೆ ಕುಳಿತಿದ್ದವರು ದೊಡ್ಡಪ್ಪನ ವಯಸ್ಸಿನ ಬಂಧು; ಬ್ಯಾಂಕಿನಿಂದ ನಿವೃತ್ತರಾಗಿ ಮನೆ ಕಟ್ಟಿಸಲು ಹೊರಟಿದ್ದವರು. ಕೋಸಂಬರಿ ಬಡಿಸಿ ಮುಗಿಯುವಷ್ಟರಲ್ಲಿ, “ಅಲ್ಲಮ್ಮ, ರಿಪೇರಿಗೆಲ್ಲ ಆರ್ಕಿಟೆಕ್ಟ್ ಯಾತಕ್ಕೆ? ದುಡ್ಡು ಹೆಚ್ಚಾಗಿತ್ತಾ?” ಎಂದು ಇಡೀ ಸಾಲಿಗೆ ಕೇಳಿಸುವಂತೆ ವಿಚಾರಿಸಿದರು. ಉತ್ತರಕ್ಕೆ ಕಾಯದೆ ಎಡಗೈಯಿಂದ ಜೇಬಿನೊಳಗಿನ ಆಹ್ವಾನ ಪತ್ರಿಕೆಯನ್ನು ಎಳೆದು ನನ್ನ ಮುಂದಿಟ್ಟರು. ಅದರ ಹಿಂಬದಿಯಲ್ಲಿ ಅವರ ಮನೆಯ ಪ್ಲಾನು ಇತ್ತು. ಮುಂದೆ ಕಾರು, ಹಾಲ್, ಈಶಾನ್ಯಕ್ಕೆ ದೇವರ ಮನೆ, ಆಗ್ನೇಯಕ್ಕೆ ಅಡುಗೆಮನೆ, ನೈಋತ್ಯಕ್ಕೆ ಯಜಮಾನರ ಕೋಣೆ, ಮಹಡಿಯಲ್ಲಿ ಮಗನಿಗೆ ಎರಡು ರೂಮು. ಎಲ್ಲಕ್ಕೂ ವಾಸ್ತುವಿನ ಆಯದ ಪ್ರಕಾರ ಅಳತೆ. “ಪ್ಲಾನು ನಾನೇ ಹಾಕಿದೀನಿ. ಇದನ್ನ ಸುಮ್ನೆ ಕಂಪ್ಯೂಟರಲ್ಲಿ ಎಳೆದುಕೊಡೋರು ಬೇಕು, ಅಷ್ಟೆ.”

ನಾನು ಚೀಟಿಯನ್ನು ಎರಡು ಸಲ ನೋಡಿ, “ದೊಡ್ಡಪ್ಪ, ಮೆಟ್ಟಿಲು ಎಲ್ಲಿ?” ಎಂದೆ.

ಅವರು ಅನ್ನ ಕಲಸುವುದನ್ನು ನಿಲ್ಲಿಸಿ ಚೀಟಿಯನ್ನು ನೋಡಿದರು. ಆಮೇಲೆ ಏನೂ ಆಗಿಲ್ಲವೆಂಬಂತೆ, “ಅದು ಮೇಸ್ತ್ರಿ ಎಲ್ಲಾದ್ರೂ ಹಾಕ್ತಾನೆ ಬಿಡು” ಎಂದರು.

ಮೇಸ್ತ್ರಿ ಹಾಕುತ್ತಾನೆ, ನಿಜ. ಎಲ್ಲಿ ಹಾಕುತ್ತಾನೆ ಎಂಬುದೇ ಪ್ರಶ್ನೆ. ನೆಲದಿಂದ ಮಹಡಿಯ ನೆಲಕ್ಕೆ ಹತ್ತು ಅಡಿ ಎತ್ತರವಿದ್ದು, ಒಂದೊಂದು ಮೆಟ್ಟಿಲು ಆರು ಇಂಚು ಏರಿದರೆ ಇಪ್ಪತ್ತು ಏರುಗಳು ಬೇಕು. ಮೂರಡಿ ಅಗಲದ ಎರಡು ಸಾಲು ಮಾಡಿ, ಕಾಲಿಡಲು ಹತ್ತು ಇಂಚು ಕೊಟ್ಟು, ನಡುವೆ ತಿರುಗಲು ಮೂರಡಿಯ ಜಾಗ ಬಿಟ್ಟರೆ ಸುಮಾರು ಆರೂವರೆ ಅಡಿ ಅಗಲ, ಹತ್ತೂವರೆ ಅಡಿ ಉದ್ದ ಹೋಗುತ್ತದೆ. ಹತ್ತುವ ಮೊದಲು ಕೆಳಗೆ ನಿಲ್ಲುವ ಜಾಗ ಇದರಲ್ಲಿ ಸೇರಿಲ್ಲ. ಅಂದರೆ ಒಂದು ಸಣ್ಣ ಕೋಣೆ. ಆ ಜಾಗವನ್ನು ಹಾಲಿನಿಂದ ತೆಗೆಯಬೇಕೋ, ದೇವರ ಮನೆಯಿಂದ ತೆಗೆಯಬೇಕೋ ಎಂಬ ತೀರ್ಮಾನವನ್ನು ಪಾಯ ತೋಡಿದ ಮೇಲೆ, ಸೈಟಿನಲ್ಲಿ ನಿಂತು ಮಾಡಿದ ಮನೆಗಳನ್ನು ನೀವೂ ನೋಡಿದ್ದೀರಿ: ಮೆಟ್ಟಿಲು ಹತ್ತುವಾಗ ತಲೆ ತೊಲೆಗೆ ತಗಲುತ್ತದೆ, ಇಲ್ಲವೇ ಬೀರುವನ್ನು ಮಹಡಿಗೆ ಸಾಗಿಸಲು ಬಾಲ್ಕನಿಯಿಂದ ಹಗ್ಗ ಇಳಿಬಿಡಬೇಕಾಗುತ್ತದೆ. ಮೇಸ್ತ್ರಿಯ ಕೌಶಲದ ಬಗ್ಗೆ ನನಗೆ ಗೌರವವಿದೆ. ಆದರೆ ನಿಮ್ಮ ಮನೆಯಲ್ಲಿ ಹತ್ತು ವರ್ಷದ ನಂತರ ಯಾರ ಮಂಡಿ ನೋಯುತ್ತದೆ ಎಂದು ಯೋಚಿಸುವುದು ಅವನಿಗೆ ಕೂಲಿ ಕೊಟ್ಟು ಒಪ್ಪಿಸಿದ ಕೆಲಸವಲ್ಲ.

ಇನ್ನೊಂದು ವರ್ಗದವರು, “ಮೂರು ಕಡೆ ಪ್ಲಾನ್ ಹಾಕಿಸಿ, ಚೆನ್ನಾಗಿರೋದನ್ನ ಇಟ್ಕೊಳ್ಳೋಣ” ಎನ್ನುತ್ತಾರೆ. ಹಾಕಿಸಿದ್ದಕ್ಕೆ ಹಣ ಕೊಡುತ್ತೀರಾ ಎಂದರೆ ನಗುತ್ತಾರೆ. ಆರ್ಕಿಟೆಕ್ಟರ ವೃತ್ತಿ ನಡತೆಗೆ 1989ರ ನಿಯಮಾವಳಿಯೊಂದಿದೆ. ಅಧಿಕೃತ ಸ್ಪರ್ಧೆಯ ಹೊರತು, ಒಬ್ಬ ಗ್ರಾಹಕನಿಗಾಗಿ ಪರಸ್ಪರ ಪೈಪೋಟಿಯಲ್ಲಿ ಬಿಟ್ಟಿಯಾಗಿ ವಿನ್ಯಾಸ ಮಾಡಿಕೊಡುವುದನ್ನು ಅದು ನಿಷೇಧಿಸುತ್ತದೆ. ‘ಚದರಡಿಗೆ ಇಷ್ಟು, ಪ್ಲಾನು ಉಚಿತ’ ಎನ್ನುವ ಬಿಲ್ಡರ್ ಕೂಡ ಪ್ಲಾನನ್ನು ಬಿಟ್ಟಿ ಕೊಡುತ್ತಿಲ್ಲ, ಅದರ ಬೆಲೆ ಆ ಚದರಡಿಯೊಳಗೇ ಕುಳಿತಿದೆ. ನಕ್ಷೆ ಬರೆದವನೂ ಕಟ್ಟುವವನೂ ಒಬ್ಬನೇ ಆದಾಗ, ನಕ್ಷೆಯಲ್ಲಿದ್ದ ಕಬ್ಬಿಣ ಕಂಬದೊಳಗೆ ಹೋಯಿತೇ ಎಂದು ನಿಮ್ಮ ಪರವಾಗಿ ಬಗ್ಗಿ ನೋಡುವವರು ಯಾರೂ ಉಳಿಯುವುದಿಲ್ಲ.

ಎದುರು ಕುಳಿತವರು ನಿಜಕ್ಕೂ ಆರ್ಕಿಟೆಕ್ಟ್ ಹೌದೇ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯಂತೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿಕೊಂಡವರು ಮಾತ್ರ ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದು. ಆ ಕಾಯ್ದೆ ಕಾಯ್ದಿರಿಸಿರುವುದು ಹೆಸರನ್ನೇ ಹೊರತು ವಿನ್ಯಾಸ ಮಾಡುವ ಕೆಲಸವನ್ನಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ‘ಡಿಸೈನರ್’, ‘ಕನ್ಸಲ್ಟೆಂಟ್’ ಎಂಬ ಬೋರ್ಡು ಹಾಕಿಕೊಂಡು ಯಾರು ಬೇಕಾದರೂ ಮನೆಯ ನಕ್ಷೆ ಮಾಡಿಕೊಡಬಹುದು. ಅವರಲ್ಲಿ ಬಲ್ಲವರೂ ಇರಬಹುದು. ಆರ್ಕಿಟೆಕ್ಟ್ ಎಂದುಕೊಂಡವರಿಗೆ ಮಾತ್ರ ‘ಸಿಎ’ ಎಂದು ಶುರುವಾಗಿ, ನೋಂದಣಿಯ ವರ್ಷವನ್ನೂ ಒಳಗೊಂಡ ಸಂಖ್ಯೆ ಇರಲೇಬೇಕು. ಕೇಳಿದರೆ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ. ಪಟ್ಟುಕೊಂಡರೆ ಅಲ್ಲಿಂದ ಎದ್ದು ಬನ್ನಿ.

ಇಷ್ಟು ಜನರಲ್ಲಿ ಒಬ್ಬರಾದರೂ ನನ್ನನ್ನು, “ನಿಮ್ಮ ಆರ್ಕಿಟೆಕ್ಟ್ ನಿಮಗೆ ಯಾವುದನ್ನು ಬೇಡವೆಂದರು?” ಎಂದು ಕೇಳಿದ್ದರೆ ಅರ್ಧ ಗಂಟೆ ಸಂತೋಷದಿಂದ ಮಾತನಾಡುತ್ತಿದ್ದೆ. ನಾವು ಕೇಳಿದ್ದಕ್ಕೆಲ್ಲ ‘ಮಾಡಬಹುದು’ ಎಂದ ಇನ್ನಿಬ್ಬರನ್ನು ಬಿಟ್ಟು ಅವರನ್ನೇ ಆರಿಸಿಕೊಂಡದ್ದಕ್ಕೆ ಆ ‘ಬೇಡ’ವೇ ಕಾರಣ.

ನಮ್ಮದು ಕಂಬಗಳ ಮೇಲೆ ನಿಂತ ಮನೆಯಲ್ಲ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಗಳೇ ಮೋಲ್ಡಿನ, ಅಂದರೆ ಕಾಂಕ್ರೀಟು ಚಾವಣಿಯ, ಭಾರವನ್ನು ಹೊತ್ತಿವೆ. ಅಡುಗೆಮನೆಗೂ ಊಟದ ಕೋಣೆಗೂ ನಡುವಿನ ಗೋಡೆಯನ್ನು ತೆಗೆದು ಎರಡನ್ನೂ ಒಂದು ಮಾಡಬೇಕೆಂಬುದು ನಮ್ಮ ಆಸೆಯಾಗಿತ್ತು. ಅಂದಾಜು ಕೊಡಲು ಬಂದಿದ್ದ ಕಂಟ್ರಾಕ್ಟರ್, “ಎರಡು ದಿನದ ಕೆಲಸ ಮೇಡಂ, ಹೊಡೆದು ಎಸೆಯೋಣ” ಎಂದಿದ್ದ. ಆರ್ಕಿಟೆಕ್ಟ್ ಏನೂ ಹೇಳದೆ ಟೇಪು ಹಿಡಿದು ಗೋಡೆಯ ದಪ್ಪ ಅಳೆದರು, ಮಹಡಿಗೆ ಹೋಗಿ ಅದೇ ಸಾಲಿನಲ್ಲಿ ಇನ್ನೊಂದು ಗೋಡೆ ನಿಂತಿದೆಯೇ ಎಂದು ಹೊರಗೋಡೆಯಿಂದ ಅಳತೆ ಹಿಡಿದು ಖಚಿತಪಡಿಸಿಕೊಂಡರು. ನಿಂತಿತ್ತು. ಎರಡೂ ಕಡೆಯ ಮೋಲ್ಡು ಮತ್ತು ಮೇಲಿನ ಗೋಡೆ, ಮೂರರ ಭಾರವೂ ನಾವು ಹೊಡೆದು ಎಸೆಯಬೇಕೆಂದಿದ್ದ ಗೋಡೆಯ ಮೇಲಿತ್ತು. ಕಟ್ಟಡದ ಭಾರದ ಲೆಕ್ಕ ಹಾಕುವ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡುವವರೆಗೆ ಅದಕ್ಕೆ ಸುತ್ತಿಗೆ ಮುಟ್ಟಿಸಿದರೆ ತಾವು ಈ ಕೆಲಸ ಬಿಡುವುದಾಗಿ ಹೇಳಿ ಹೋದರು. ಕೊನೆಗೆ ಗೋಡೆಯ ಎರಡು ತುದಿಗಳನ್ನು ಉಳಿಸಿಕೊಂಡು, ಮೋಲ್ಡಿಗೆ ಎರಡೂ ಬದಿಯಿಂದ ಜಾಕಿ ಕೊಟ್ಟು, ತೊಲೆ ಹಾಕಿ, ಕಾಂಕ್ರೀಟು ಗಟ್ಟಿಯಾಗುವವರೆಗೆ ಕಾದು, ಐದಡಿಯಷ್ಟೇ ತೆರೆದರು. ಒಗ್ಗರಣೆಯ ಹೊಗೆ ಹಾಲಿಗೆ ಬರುವುದಿಲ್ಲವೆಂದು ಅಮ್ಮನಿಗೆ ಈ ಅರ್ಧ ಗೋಡೆಯೇ ಹಿತವಾಗಿದೆ. ಮಹಡಿಯ ಹೊಸ ಬಚ್ಚಲನ್ನು ನಾವು ಹೇಳಿದ ಮೂಲೆಯಲ್ಲಿ ಕಟ್ಟಲೂ ಅವರು ಒಪ್ಪಲಿಲ್ಲ; ಕೆಳಗಿನ ಬಚ್ಚಲಿನ ನೇರಕ್ಕೇ ಇರಲಿ, ಇಲ್ಲವಾದರೆ ಪೈಪುಗಳು ನಿಮ್ಮ ಮಲಗುವ ಕೋಣೆಯ ತಾರಸಿಯ ಕೆಳಗೆ ಹಾಯುತ್ತವೆ ಎಂದರು.

ಹಾಗಾಗಿ ನನ್ನ ಸಲಹೆಯೆಂದರೆ, ಕಂಪ್ಯೂಟರಿನಲ್ಲಿ ತಯಾರಾದ ಹೊಳೆಯುವ ಚಿತ್ರಗಳನ್ನು ಮಡಚಿಟ್ಟು, ಆ ಆರ್ಕಿಟೆಕ್ಟ್ ಮಾಡಿದ, ನಾಲ್ಕೈದು ಮಳೆಗಾಲ ಕಂಡ ಮನೆಯೊಂದನ್ನು ನೋಡಿ ಬನ್ನಿ. ಕಿಟಕಿಯ ಸಜ್ಜಾದ ಕೆಳಗೆ ಕತ್ತೆತ್ತಿ ನೋಡಿ: ಹೊರ ಅಂಚಿನ ಹತ್ತಿರ ಬೆರಳಿನಷ್ಟು ಅಗಲದ ಗೆರೆಯೊಂದನ್ನು ಕೊರೆದಿರಬೇಕು. ಅದಿದ್ದರೆ ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ. ಇಲ್ಲದಿದ್ದರೆ ಸಜ್ಜಾದ ಅಡಿಯಲ್ಲೇ ಹರಿದು ಗೋಡೆ ಸೇರಿ ಕಪ್ಪು ಕಲೆ ಎಬ್ಬಿಸುತ್ತದೆ. ಇಷ್ಟು ಸಣ್ಣದನ್ನು ನಕ್ಷೆಯಲ್ಲಿ ಬರೆದು, ಸೈಟಿನಲ್ಲಿ ಮಾಡಿಸಿದವರು ದೊಡ್ಡದನ್ನು ಮರೆಯುವ ಸಂಭವ ಕಡಿಮೆ. ಮನೆಯವರನ್ನು ಪಕ್ಕಕ್ಕೆ ಕರೆದು, ಮೋಲ್ಡ್ ಹಾಕುವ ಹಿಂದಿನ ದಿನ ಆರ್ಕಿಟೆಕ್ಟ್ ಕಬ್ಬಿಣ ನೋಡಲು ಬಂದಿದ್ದರೇ, ಫೋನ್ ಎತ್ತುತ್ತಿದ್ದರೇ ಎಂದು ಕೇಳಿ.

ಶುಲ್ಕದ ವಿಷಯಕ್ಕೆ ಬಂದರೆ, ಕೆಲವರು ಕಟ್ಟಡದ ಖರ್ಚಿನಲ್ಲಿ ಶೇಕಡಾವಾರು ಕೇಳುತ್ತಾರೆ, ಕೆಲವರು ಚದರಡಿಗೆ ಇಷ್ಟೆನ್ನುತ್ತಾರೆ, ಕೆಲವರು ಒಟ್ಟು ಮೊತ್ತ ಹೇಳುತ್ತಾರೆ. ಖರ್ಚು ಹೆಚ್ಚಾದಷ್ಟೂ ಅವರ ಶುಲ್ಕವೂ ಹೆಚ್ಚುತ್ತದೆಂಬ ಅನುಮಾನವಿದ್ದರೆ, ಒಪ್ಪಿದ ಅಂದಾಜಿನ ಮೇಲೆ ಅದನ್ನು ನಿಗದಿಪಡಿಸಿಕೊಳ್ಳಿ. ಎಷ್ಟು ಸಲ ಸೈಟಿಗೆ ಬರುತ್ತಾರೆ, ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಯಾರು ಕೊಡಬೇಕು, ನಡುವೆ ಬಿಟ್ಟರೆ ಎಲ್ಲಿಯವರೆಗಿನ ಲೆಕ್ಕ ಎಂಬುದು ಕಾಗದದಲ್ಲಿರಲಿ. ಕೊನೆಯ ಕಂತನ್ನು ಮಾತ್ರ, ಯಾವ ಗೋಡೆಯೊಳಗೆ ಯಾವ ಪೈಪು, ಯಾವ ವೈರು ಹೋಗಿದೆಯೆಂದು ತೋರಿಸುವ, ಕೆಲಸ ಮುಗಿದ ನಂತರದ ನಕ್ಷೆಗಳು ಕೈಗೆ ಬಂದ ಮೇಲೆಯೇ ಕೊಡಿ. ಗೃಹಪ್ರವೇಶವಾದ ಮರುವಾರ ನೀರಿನ ಫಿಲ್ಟರ್ ಕೂರಿಸಲು ಬರುವ ಹುಡುಗ ಡ್ರಿಲ್ಲು ಹಿಡಿದು, “ಅಕ್ಕಾ, ಇಲ್ಲಿ ಹೊಡೀಲಾ?” ಎಂದು ಕೇಳಿದಾಗ ಆ ನಕ್ಷೆಗಳು ಬೇಕಾಗುತ್ತವೆ.