ಸಂಕ್ರಾಂತಿಯ ಎಣ್ಣೆಗಾಯಿಗೆ ಹಿತ್ತಲಿನ ದುಂಡು ಜುಕಿನಿ

ದಾವಣಗೆರೆಯ ತರಕಾರಿ ಅಂಗಡಿಗಳಲ್ಲಿ ಕುಂಬಳದ ಜಾತಿಗೆ ಸೇರಿದ ಉದ್ದನೆಯ ಜುಕಿನಿ ಆಗೊಮ್ಮೆ ಈಗೊಮ್ಮೆ ಸಿಗುತ್ತದೆಯಾದರೂ, ದುಂಡನೆಯದು ಬೇಕೆಂದರೆ ಹಿತ್ತಲಿನಲ್ಲಿ ಬೆಳೆದುಕೊಳ್ಳುವುದೇ ಸರಿಯಾದ ದಾರಿ. ಬದನೆಕಾಯಿ ಎಣ್ಣೆಗಾಯಿಯನ್ನು ಅಷ್ಟೊಂದು ಪ್ರೀತಿಸುವ ನಮ್ಮ ಸೀಮೆಯವರಿಗೆ, ಇಡಿಯಾಗಿ ತುಂಬಿ ಬೇಯಿಸಲೆಂದೇ ಹುಟ್ಟಿದಂತಿರುವ ಈ ಕಾಯಿ ಹೊರಗಿನದು ಎನ್ನಿಸಲಾರದು. ಫ್ರಾನ್ಸಿನ ನೀಸ್ ನಗರದ ಹೆಸರು ಹೊತ್ತ ‘ರೋಂಡ್ ಡಿ ನೀಸ್’ ಎಂಬ ಹಳೆಯ ದುಂಡು ತಳಿಯನ್ನು ಅಲ್ಲಿಯವರೂ ತಿರುಳು ತೆಗೆದು, ಒಳಗೆ ಹೂರಣ ತುಂಬಿಯೇ ಬೇಯಿಸುತ್ತಾರೆ. ಕಡುಹಸಿರು ಬಣ್ಣದ ‘ಏಟ್ ಬಾಲ್’ ಇನ್ನೊಂದು ಪ್ರಸಿದ್ಧ ದುಂಡು ತಳಿ; ಆದರೆ ಅದು ಸಂಕರಣ ತಳಿಯಾದ್ದರಿಂದ ಅದರ ಬೀಜ ಎತ್ತಿಟ್ಟು ಮರುವರ್ಷ ಬಿತ್ತಿದರೆ ಅದೇ ಕಾಯಿ ಬರುವ ಭರವಸೆ ಇರುವುದಿಲ್ಲ. ಬೀಜ ಉಳಿಸಿಕೊಳ್ಳಬೇಕೆನ್ನುವವರಿಗೆ ನಾನು ಮೊದಲನೆಯದನ್ನೇ ಹೇಳುತ್ತೇನೆ.

ನಮ್ಮ ಹವಾಮಾನಕ್ಕೆ ದೀಪಾವಳಿಯ ಆಸುಪಾಸಿನ ಬಿತ್ತನೆ ಹೊಂದುತ್ತದೆ. ಬಿಸಿಲು ಏರಿದಂತೆಲ್ಲ ಈ ಗಿಡದಲ್ಲಿ ಗಂಡು ಹೂಗಳೇ ಹೆಚ್ಚಾಗುತ್ತವೆ. ತಂಪು ಮತ್ತು ಕಿರುಹಗಲು ಇರುವಾಗ ಹೆಣ್ಣು ಹೂಗಳು ಹೆಚ್ಚು. ಬಿತ್ತಿದ 50 ದಿನಗಳ ಸುಮಾರಿಗೆ ಕಾಯಿ ಕೊಯ್ಲಿಗೆ ಬರುವುದರಿಂದ ಸಂಕ್ರಾಂತಿಯ ಸಜ್ಜೆ ರೊಟ್ಟಿಯ ಜೊತೆಗೆ ಅದು ಸರಿಯಾಗಿ ಒದಗುತ್ತದೆ. ಎರೆ ಮಣ್ಣಿರುವವರು ನೀರು ನಿಲ್ಲದಂತೆ ಏರುಮಡಿ ಮಾಡಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ಗಿಡದಿಂದ ಗಿಡಕ್ಕೆ ಮೂರಡಿ ಬಿಡಬೇಕು. ಚಿತ್ರದುರ್ಗದ ಕಡೆಯ ಕೆಂಪು ಮಣ್ಣಿನಲ್ಲಿ ನೀರು ಬೇಗ ಇಂಗುವ ಕಾರಣ ಬುಡಕ್ಕೆ ಒಣಹುಲ್ಲು ಹೊದಿಸುವುದು ಒಳ್ಳೆಯದು. ಸಿಹಿಗುಂಬಳದಂತೆ ಇದು ಬಳ್ಳಿಯಾಗಿ ಹಬ್ಬದೆ ಪೊದೆಯಾಗಿ ನಿಲ್ಲುತ್ತದೆ.

ಈ ಬೆಳೆಯಲ್ಲಿ ನಿಜವಾದ ಕೆಲಸವಿರುವುದು ಬೆಳಗಿನ ಹೊತ್ತಿನಲ್ಲಿ. ಹೂಗಳು ನಸುಕಿನಲ್ಲಿ ಅರಳಿ ಬಿಸಿಲೇರುವಷ್ಟರಲ್ಲಿ ಮುಚ್ಚಿಕೊಳ್ಳುತ್ತವೆ. ಗಂಡು ಹೂ ಉದ್ದನೆಯ ತೆಳ್ಳನೆಯ ತೊಟ್ಟಿನ ಮೇಲಿರುತ್ತದೆ. ಹೆಣ್ಣು ಹೂವಿನ ಕೆಳಗೆ ಗೋಲಿಯಷ್ಟು ದುಂಡಗಿನ ಹೀಚು ಆಗಲೇ ಕಾಣುತ್ತದೆ. ಮನೆಗಳ ನಡುವಿನ ಹಿತ್ತಲಿನಲ್ಲಿ ಜೇನುನೊಣಗಳ ಓಡಾಟ ಕಡಿಮೆಯಿದ್ದರೆ ಗಂಡು ಹೂವೊಂದನ್ನು ಕಿತ್ತು, ದಳಗಳನ್ನು ಬಿಡಿಸಿ, ನಡುವಿನ ಹಳದಿ ಪರಾಗವನ್ನು ಹೆಣ್ಣು ಹೂವಿನ ಶಲಾಕಾಗ್ರದ, ಅಂದರೆ ಪರಾಗ ಹಿಡಿಯುವ ನಡುವಿನ ತುದಿಯ, ಎಲ್ಲ ಸೀಳುಗಳಿಗೂ ಮೆಲ್ಲಗೆ ಸವರಬೇಕು. ಪರಾಗ ಸಾಲದಿದ್ದರೆ ಹೀಚು ತುದಿಯಿಂದ ಹಳದಿಯಾಗಿ ಕೊಳೆತು ಉದುರುತ್ತದೆ. ಇದನ್ನು ರೋಗವೆಂದು ತಿಳಿದು ಔಷಧಿ ಹೊಡೆಯುವವರನ್ನು ಕಂಡಾಗ ನನಗೆ ಬೇಸರವಾಗುತ್ತದೆ, ಏಕೆಂದರೆ ಆ ಔಷಧಿಯಿಂದ ಮೊದಲು ಸಾಯುವುದು ಪರಾಗ ಹೊರುವ ಜೇನುನೊಣವೇ. ಎಲೆಯ ನರಗಳ ನಡುವೆ ಕಾಣುವ ಬೆಳ್ಳಿ ಬಣ್ಣದ ಮಚ್ಚೆಗಳೂ ಹಲವು ತಳಿಗಳಲ್ಲಿ ಸಹಜವಾದವು. ಬೆರಳಿನಿಂದ ಉಜ್ಜಿದಾಗ ಬಿಳಿಪುಡಿ ಅಂಟಿದರೆ ಮಾತ್ರ ಅದು ಬೂದಿ ರೋಗ. ಆಗ ಹಳೆಯ ಎಲೆಗಳನ್ನು ಕತ್ತರಿಸಿ ಗಾಳಿಯಾಡುವಂತೆ ಮಾಡಬೇಕು. ಹಣ್ಣುನೊಣದ ಕಾಟವಿದ್ದರೆ ಹೀಚಿಗೆ ಕಾಗದದ ಚೀಲ ಕಟ್ಟಿ, ಹುಳ ಬಿದ್ದ ಕಾಯಿಗಳನ್ನು ಆಳವಾಗಿ ಹೂಳಬೇಕು.

ಕಾಯಿಯನ್ನು ದೊಡ್ಡದಾಗಲು ಬಿಡುವ ಆಸೆಯನ್ನು ಬಿಡಲೇಬೇಕು. ಅಡ್ಡಳತೆ 7–8 ಸೆಂ.ಮೀ. ಆದಾಗ, ಉಗುರು ಸಲೀಸಾಗಿ ಇಳಿಯುವಷ್ಟು ಸಿಪ್ಪೆ ಎಳೆಯದಾಗಿರುವಾಗಲೇ ತೊಟ್ಟಿನೊಂದಿಗೆ ಕೊಯ್ಯಬೇಕು. ಬಲಿತರೆ ಬೀಜ ಗಟ್ಟಿಯಾಗುತ್ತದೆ, ಗಿಡವೂ ಹೊಸ ಕಾಯಿ ಬಿಡುವುದನ್ನು ಕಡಿಮೆ ಮಾಡುತ್ತದೆ. ಅಡುಗೆಗೆ ಮುನ್ನ ಹಸಿ ಚೂರೊಂದನ್ನು ನಾಲಿಗೆಗೆ ಮುಟ್ಟಿಸಿ ನೋಡುವುದನ್ನು ಮರೆಯಬಾರದು. ಕಹಿಯಿದ್ದರೆ ಅದರಲ್ಲಿ ಕುಕುರ್ಬಿಟಾಸಿನ್ ಎಂಬ ವಿಷಕಾರಿ ಅಂಶ ಹೆಚ್ಚಿದೆ ಎಂದರ್ಥ. ಬೇಯಿಸಿದರೂ ಅದು ಹೋಗದು, ಅಂಥ ಕಾಯಿಯನ್ನು ಎಸೆದುಬಿಡಬೇಕು.

ಜುಕಿನಿಯಲ್ಲಿ ಶೇಕಡ 95ರಷ್ಟು ನೀರೇ ಇರುವುದರಿಂದ ಬದನೆಕಾಯಿಗೆ ಮಾಡುವ ರುಬ್ಬಿದ ಮಸಾಲೆ ಇದಕ್ಕೆ ಒಗ್ಗುವುದಿಲ್ಲ, ಹೂರಣ ಒಣಗಿರಬೇಕು. ತೊಟ್ಟಿನ ಭಾಗವನ್ನು ಮುಚ್ಚಳದಂತೆ ಕತ್ತರಿಸಿ, ಚಮಚದಿಂದ ತಿರುಳು ತೆಗೆದು, ಒಳಗೆ ಉಪ್ಪು ಸವರಿ ಇಪ್ಪತ್ತು ನಿಮಿಷ ಬೋರಲು ಇಟ್ಟರೆ ಒಂದಷ್ಟು ನೀರು ಇಳಿದುಹೋಗುತ್ತದೆ. ಹುರಿದ ಶೇಂಗಾ ಪುಡಿ, ಗುರೆಳ್ಳು ಪುಡಿ, ಒಣಕೊಬ್ಬರಿ, ಜಜ್ಜಿದ ಬೆಳ್ಳುಳ್ಳಿ, ಕೆಂಪಗೆ ಹುರಿದ ಈರುಳ್ಳಿ, ಖಾರದ ಪುಡಿ, ಗಟ್ಟಿ ಹುಣಸೆ ರಸ, ಚೂರು ಬೆಲ್ಲ ಇವುಗಳ ಜೊತೆಗೆ ನಾನು ನಮ್ಮೂರಿನ ಮಂಡಕ್ಕಿಯನ್ನು ಒಂದು ಹಿಡಿ ಪುಡಿಮಾಡಿ ಸೇರಿಸುತ್ತೇನೆ. ಬೇಯುವಾಗ ಕಾಯಿ ಬಿಡುವ ನೀರನ್ನೆಲ್ಲ ಆ ಮಂಡಕ್ಕಿ ಹೀರಿಕೊಂಡು ಹೂರಣವನ್ನು ಹಿಡಿದಿಡುತ್ತದೆ. ಪುಟಾಣಿ ಹಿಟ್ಟು ಹಾಕಿದರೂ ನಡೆಯುತ್ತದೆ, ಆದರೆ ಅದು ಸ್ವಲ್ಪ ಅಂಟಾಗುತ್ತದೆ. ದಪ್ಪ ತಳದ ಬಾಣಲೆಯಲ್ಲಿ ಧಾರಾಳವಾಗಿ ಎಣ್ಣೆ ಕಾಯಿಸಿ, ಸಾಸಿವೆ ಕರಿಬೇವಿನ ಒಗ್ಗರಣೆ ಕೊಟ್ಟು, ಹೂರಣ ತುಂಬಿದ ಕಾಯಿಗಳನ್ನು ನೆಟ್ಟಗೆ ಕೂರಿಸಿ, ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ಕಾಲು ಗಂಟೆ ಬೇಯಿಸಬೇಕು. ತೊಟ್ಟು ನೀರನ್ನೂ ಹಾಕಬಾರದು. ಚಾಕುವಿನ ತುದಿ ಸ್ವಲ್ಪ ತಡೆದು ಒಳಗಿಳಿದರೆ ಒಲೆ ಆರಿಸಬಹುದು. ಇನ್ನೂ ಬೇಯಿಸಿದರೆ ಕಾಯಿ ಕುಸಿಯುತ್ತದೆ.

ತೆಗೆದ ತಿರುಳನ್ನು ನಾನು ಜೋಳದ ಹಿಟ್ಟು, ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪಿನೊಂದಿಗೆ ಕಲಸಿ ತಾಲಿಪಟ್ಟು ತಟ್ಟುತ್ತೇನೆ. ಅದರ ನೀರೇ ಹಿಟ್ಟಿಗೆ ಸಾಕಾಗುತ್ತದೆ, ಮೇಲೆ ಬೆಣ್ಣೆಯೊಂದು ಇದ್ದರೆ ಆಯಿತು.