ಕೇಂಬ್ರಿಡ್ಜ್‌ನಲ್ಲಿ ಹಳೆಯ ಕಂಪ್ಯೂಟರ್‌ಗಳ ಮುಂದೆ ಒಂದು ದಿನ

ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ವೇಗದ ರೈಲು ಹಿಡಿದರೆ ಕೇಂಬ್ರಿಡ್ಜ್ ಒಂದು ಗಂಟೆಯೊಳಗಿನ ದಾರಿ. ಹೆಸರುವಾಸಿ ಕಾಲೇಜುಗಳನ್ನು ಬದಿಗಿಟ್ಟು ಕೋಲ್ಡ್‌ಹ್ಯಾಮ್ಸ್ ರಸ್ತೆಯ ಕಡೆ ಅರ್ಧ ಗಂಟೆ ನಡೆದರೆ ಸೆಂಟರ್ ಫಾರ್ ಕಂಪ್ಯೂಟಿಂಗ್ ಹಿಸ್ಟರಿ ಎಂಬ ಹಳೆಯ ಕಂಪ್ಯೂಟರ್‌ಗಳ ಮ್ಯೂಸಿಯಂ ಸಿಗುತ್ತದೆ. ವಾರದ ಎಲ್ಲ ದಿನವೂ ತೆರೆದಿರುವುದಿಲ್ಲ, ವಿಚಾರಿಸಿಕೊಂಡೇ ಹೊರಡಿ.

ಬಂದವರು ನೇರವಾಗಿ ಗೇಮ್ ಕನ್ಸೋಲ್‌ಗಳತ್ತ ಹೋಗುವುದೇ ಹೆಚ್ಚು. ಆದರೆ ಮೊದಲು ಎಂಬತ್ತರ ದಶಕದ ತರಗತಿಯಲ್ಲಿ ಕೂರಬೇಕು. ಅಲ್ಲಿರುವುದು ಬಿಬಿಸಿ ಮೈಕ್ರೊ ಎಂಬ ಕಂಪ್ಯೂಟರ್‌ಗಳು. ಇದೇ ಊರಿನ ಏಕಾರ್ನ್ ಕಂಪನಿ 1981ರಲ್ಲಿ ತಂದ ಯಂತ್ರ. 2 ಮೆಗಾಹರ್ಟ್ಸ್‌ನ 6502 ಪ್ರೊಸೆಸರ್, ಮಾಡೆಲ್ ಬಿ ಆದರೆ 32 ಕಿಲೋಬೈಟ್ ಮೆಮೊರಿ. ಸೋಫಿ ವಿಲ್ಸನ್ ಬರೆದ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ಚಿಪ್‌ನಲ್ಲೇ ಕೂತಿರುವುದರಿಂದ ಸ್ವಿಚ್ ಹಾಕಿದ ಕ್ಷಣಕ್ಕೇ ಯಂತ್ರ ಸಿದ್ಧ.

ಕ್ಯಾಪ್ಸ್ ಲಾಕ್ ದೀಪ ಉರಿಯುತ್ತಿರಲಿ. ಬರೆದ ಪ್ರೋಗ್ರಾಮನ್ನು ತೋರಿಸುವ ಲಿಸ್ಟ್ ಆದೇಶವನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೆದರೆ ಅದು 'ಮಿಸ್ಟೇಕ್' ಎನ್ನುತ್ತದೆ. ಸಾಲಿನಲ್ಲಿ ತಪ್ಪಾದರೆ ಪೂರ್ತಿ ಮತ್ತೆ ಬರೆಯಬೇಕಿಲ್ಲ. ಬಾಣದ ಕೀಲಿಗಳಿಂದ ಕರ್ಸರನ್ನು ಹಳೆಯ ಸಾಲಿನ ಆರಂಭಕ್ಕೆ ಒಯ್ದು ಕಾಪಿ ಕೀಲಿ ಒತ್ತಿ ಹಿಡಿಯಿರಿ, ಅಕ್ಷರಗಳು ಒಂದೊಂದಾಗಿ ಹೊಸ ಸಾಲಿಗೆ ಇಳಿಯುತ್ತವೆ. ತಪ್ಪಿನ ಜಾಗ ಬಂದಾಗ ಬೆರಳು ತೆಗೆದು ಸರಿಯಾದದ್ದನ್ನು ಟೈಪಿಸಿ, ತಪ್ಪಕ್ಷರವನ್ನು ಬಾಣದಿಂದ ದಾಟಿ ಮುಂದುವರಿಯಿರಿ. ಎಷ್ಟು ಸೊಗಸಾದ ಏರ್ಪಾಡು! ಕೈತಪ್ಪಿ ಬ್ರೇಕ್ ಕೀಲಿ ಒತ್ತಿದರೆ ಪ್ರೋಗ್ರಾಮ್ ಅಳಿಸಿಹೋದಂತೆ ಕಾಣುತ್ತದೆ. ಹೊಸ ಸಾಲು ಸೇರಿಸುವ ಮೊದಲೇ ಓಲ್ಡ್ ಎಂದು ಟೈಪಿಸಿ ರಿಟರ್ನ್ ಒತ್ತಿ, ಎಲ್ಲವೂ ಹಿಂದಿರುಗುತ್ತದೆ. ಪರದೆಯ ಚಿತ್ರಕ್ಕೂ ಅದೇ 32 ಕಿಲೋಬೈಟ್‌ನಲ್ಲೇ ಜಾಗ ಬೇಕು, ಎಷ್ಟು ಎಂಬುದು ಆರಿಸಿಕೊಂಡ ಪರದೆಯ ಬಗೆಯ, ಅಂದರೆ ಮೋಡ್‌ನ ಮೇಲೆ ನಿಂತಿದೆ. ಬಣ್ಣಬಣ್ಣದ ಮೋಡ್ 2 ಪರದೆಗೇ 20 ಕಿಲೋಬೈಟ್ ನುಂಗುತ್ತದೆ. ಮೋಡ್ 7ಕ್ಕೆ 1 ಕಿಲೋಬೈಟ್ ಸಾಕು. ಉದ್ದದ ಪ್ರೋಗ್ರಾಮ್ ಬರೆಯುವವರು ಮೋಡ್ 7ರಲ್ಲೇ ಇರಬೇಕು.

ಈ ಯಂತ್ರಗಳನ್ನು ಚಾಲ್ತಿಯಲ್ಲಿಡುವುದು ದೊಡ್ಡ ಕೆಲಸ. ಬಿಬಿಸಿ ಮೈಕ್ರೊದ ಪವರ್ ಸಪ್ಲೈಯಲ್ಲಿ, ಒಳಬರುವ ವಿದ್ಯುತ್ತಿನ ಗದ್ದಲ ಸೋಸುವ ಮೇನ್ಸ್ ಫಿಲ್ಟರ್ ಕೆಪಾಸಿಟರ್ ಎಂಬ ಬಿಡಿಭಾಗದ ಹೊದಿಕೆ ವರ್ಷಗಳು ಕಳೆದಂತೆ ಬಿರುಕು ಬಿಡುತ್ತದೆ, ಒಳಗಿನ ಕಾಗದ ತೇವ ಹೀರುತ್ತದೆ, ಒಂದು ದಿನ ದಟ್ಟ ಹೊಗೆ. 1982ರ ಸ್ಪೆಕ್ಟ್ರಮ್ ಎಂಬ ಮನೆಬಳಕೆಯ ಕಂಪ್ಯೂಟರಿನದು ಬೇರೆ ಕಾಯಿಲೆ: ರಬ್ಬರ್ ಕೀಲಿಗಳಡಿಯ ಪ್ಲಾಸ್ಟಿಕ್ ಹಾಳೆಯ (ಮೆಂಬ್ರೇನ್) ಪಟ್ಟಿ ಒಣಗಿ ಮುರಿದರೆ ಕೀಲಿಗಳ ಇಡೀ ಗುಂಪೇ ಸುಮ್ಮನಾಗುತ್ತದೆ. ಅಕ್ಷರ ಮೂಡದಿದ್ದರೆ ಗುದ್ದಬೇಡಿ, ಸಿಬ್ಬಂದಿಗೆ ತಿಳಿಸಿ.

ಪರದೆಗೆ ಗುರಿಯಿಟ್ಟು ಆಟಿಕೆ ಬಂದೂಕಿನಿಂದ ಹೊಡೆಯುವ ಲೈಟ್ ಗನ್ ಆಟಗಳಿಗೆ ಹಳೆಯ ಪಿಕ್ಚರ್ ಟ್ಯೂಬ್ ಟಿವಿಯೇ ಬೇಕು. ಪರದೆಯ ಬೆಳಕು ಯಾವ ಕ್ಷಣದಲ್ಲಿ ಮೂಡಿತು ಎಂಬುದರ ಮೇಲೆ ಗುರಿಯ ಲೆಕ್ಕ ನಿಂತಿದೆ. ಎಲ್‌ಸಿಡಿಯ ವಿಳಂಬ ಅದನ್ನು ಕೆಡಿಸುತ್ತದೆ.

ಮೆಗಾಪ್ರೊಸೆಸರ್‌ಗೆ ಕೊನೆಯ ಒಂದು ಗಂಟೆ ಮೀಸಲಿಡಿ. ಜೇಮ್ಸ್ ನ್ಯೂಮನ್ ಬಿಡಿಬಿಡಿ ಟ್ರಾನ್ಸಿಸ್ಟರ್‌ಗಳನ್ನು ಬೆಸುಗೆ ಹಾಕಿ 2016ರಲ್ಲಿ ಮುಗಿಸಿದ, 10 ಮೀಟರ್ ಉದ್ದ, 2 ಮೀಟರ್ ಎತ್ತರದ ಪ್ರೊಸೆಸರ್ ಅದು. ಪ್ರೊಸೆಸರ್‌ಗೆ 15,300 ಟ್ರಾನ್ಸಿಸ್ಟರ್, ಮೆಮೊರಿಗೆ 27,000. ಇಷ್ಟಾಗಿಯೂ ಮೆಮೊರಿ ಬರೀ 256 ಬೈಟ್, ಅಂದರೆ 2,048 ಬಿಟ್, ಬಿಟ್‌ಗೊಂದು ಎಲ್‌ಇಡಿ. ಪ್ರೊಸೆಸರ್‌ನ ಕೆಲಸಕ್ಕೆ ತಾಳ ಹಾಕುವ ಕ್ಲಾಕನ್ನು ಒಂದೊಂದೇ ಹೆಜ್ಜೆ ನಡೆಸಿದರೆ ಯಾವ ರಿಜಿಸ್ಟರ್ (ಲೆಕ್ಕದ ನಡುವೆ ಸಂಖ್ಯೆ ಇಡುವ ಪುಟ್ಟ ಜಾಗ) ಬದಲಾಯಿತೆಂದು ಕಣ್ಣಿಗೇ ಕಾಣುತ್ತದೆ. ಟೆಟ್ರಿಸ್ ಆಡಲು ಬೇರೆ ಪರದೆ ಇಲ್ಲ. ಮೆಮೊರಿಯ ಆ ದೀಪಗಳಲ್ಲೇ ಇಟ್ಟಿಗೆಗಳು ಇಳಿಯುತ್ತವೆ.