ಒಂದು ಓಟಿಗೆ ಸೋತವರು ಹತ್ತೊಂಬತ್ತು ವರ್ಷ ಆದ್ಮೇಲೆ ಗೆದ್ರು

ಮೇ 14, 2023, ಭಾನುವಾರ

ಕೊಳ್ಳೇಗಾಲದಲ್ಲಿ ಎ.ಆರ್. ಕೃಷ್ಣಮೂರ್ತಿ (ಎಆರ್‌ಕೆ) ಗೆದ್ರು. ನಿನ್ನೆ ಬೆಳಗ್ಗೆಯಿಂದ ಚಾನೆಲ್‌ಗಳಲ್ಲಿ ಕಾಂಗ್ರೆಸ್ಸಿಗೆ 135, ಸಿಎಂ ಯಾರು, ಸಿದ್ದರಾಮಯ್ಯನವರಾ ಡಿಕೆಶಿನಾ ಅಂತ ಒಂದೇ ಸಮ ನಡೀತಿತ್ತು, ಆದ್ರೆ ನಮ್ಮ ಸಂತೇಮರಹಳ್ಳಿ ಯಳಂದೂರು ಕಡೆ ಟೀ ಅಂಗಡಿಲಿ ಅದನ್ನ ಯಾರೂ ಕೇಳ್ತಾನೇ ಇರ್ಲಿಲ್ಲ, ಎಲ್ರ ಬಾಯಲ್ಲೂ ಒಂದೇ ಮಾತು, ಒಂದು ಓಟಲ್ಲಿ ಸೋತಿದ್ದವ್ರು ಈಗ 59,519 ಓಟಲ್ಲಿ ಗೆದ್ರು ಅಂತ.

ಬೇರೆ ಕಡೆಯವ್ರಿಗೆ ಗೊತ್ತಿಲ್ದೇ ಇರ್ಬೋದು ಅಂತ ಬರೀತಿದೀನಿ. 2004ರಲ್ಲಿ ನಮ್ದು ಕೊಳ್ಳೇಗಾಲ ಕ್ಷೇತ್ರ ಅಲ್ಲ, ಸಂತೇಮರಹಳ್ಳಿ ಅಂತಲೇ ಒಂದು ಮೀಸಲು ಕ್ಷೇತ್ರ ಇತ್ತು. ಎಆರ್‌ಕೆ ಜೆಡಿಎಸ್‌ನಿಂದ ನಿಂತಿದ್ರು, ಅದಕ್ಕೂ ಮುಂಚೆ ಎಂಎಲ್ಎ ಆಗಿದ್ದವ್ರೇ, ಕೇರಳದ ರಾಜ್ಯಪಾಲರಾಗಿದ್ದ ಬಿ. ರಾಚಯ್ಯನವರ ಮಗ. ಎದುರಿಗೆ ಕಾಂಗ್ರೆಸ್ಸಿಂದ ಹೆಗ್ಗವಾಡಿಯ ಆರ್. ಧ್ರುವನಾರಾಯಣ. ಎಣಿಕೆ ಮುಗಿದಾಗ ಧ್ರುವನಾರಾಯಣ ಅವರಿಗೆ 40,752, ಇವರಿಗೆ 40,751. ಆ ಎಣಿಕೆಯೂ ಮೇ 13ಕ್ಕೇ ಇತ್ತು, ನಿನ್ನೆಗೆ ಸರಿಯಾಗಿ ಹತ್ತೊಂಬತ್ತು ವರ್ಷ.

ಆಮೇಲೆ ನಮ್ಮೂರಲ್ಲಿ ಶುರುವಾಗಿದ್ದು ಯಾರ್ಯಾರು ಓಟ್ ಹಾಕಿಲ್ಲ ಅನ್ನೋ ಲೆಕ್ಕ. ಗಂಡನ ಮನೆಗೆ ಹೋದ ಹುಡ್ಗಿ, ಬೆಂಗಳೂರಲ್ಲಿ ಗಾರೆ ಕೆಲ್ಸಕ್ಕೆ ಹೋದವ್ರು, ಜ್ವರ ಅಂತ ಮಲಗಿದ್ದವ್ರು, ಎಲ್ರ ಹೆಸ್ರೂ ಬಂತು. ನಮ್ಮ ದೊಡ್ಡಪ್ಪ ಅವತ್ತು ನಂಜನಗೂಡಿಗೆ ಮದ್ವೆಗೆ ಹೋಗಿದ್ರು, ಸಂಜೆ ವಾಪಸ್ ಬರೋಷ್ಟ್ರಲ್ಲಿ ಮತಗಟ್ಟೆ ಮುಚ್ಚಿತ್ತು, ಅದಾಗಿ ಎಷ್ಟೋ ವರ್ಷ ಅವ್ರು ಎಲ್ಲಿ ಕೂತ್ರೂ ಯಾರಾದ್ರೂ ಒಬ್ರು "ಏನಣ್ಣ, ನಿನ್ನದೇ ಕಣಪ್ಪ ಆ ಓಟು" ಅಂದೇ ಅನ್ನೋರು. ಅವ್ರು ಯಾರಿಗೆ ಹಾಕ್ಬೇಕು ಅಂತಿದ್ರೋ ಅದನ್ನ ಮಾತ್ರ ಯಾರೂ ಕೇಳ್ತಿರ್ಲಿಲ್ಲ. ಎಆರ್‌ಕೆ ಅವರ ಕಾರ್ ಡ್ರೈವರೇ ಓಟ್ ಹಾಕಿರ್ಲಿಲ್ಲ ಅನ್ನೋದಂತೂ ಪೇಪರಲ್ಲೂ ಬಂದು ಇಡೀ ದೇಶಕ್ಕೆ ಗೊತ್ತಾಯ್ತು, ಈಗ್ಲೂ ಎಲೆಕ್ಷನ್ ಬಂದಾಗೆಲ್ಲ ಒಂದು ಓಟಿನ ಬೆಲೆ ಅಂತ ಇದೇ ಕಥೆ ವಾಟ್ಸಾಪಲ್ಲಿ ಓಡಾಡುತ್ತೆ.

ಆದ್ರೆ ಈ ಕಥೆ ಹೇಳೋವಾಗ ಎಲ್ರೂ ಒಂದು ವಿಷ್ಯ ಬಿಟ್ಟುಬಿಡ್ತಾರೆ. ಆ ಡ್ರೈವರ್ ಓಟ್ ಹಾಕಿದ್ರೂ ಇವ್ರು ಗೆಲ್ತಿರ್ಲಿಲ್ಲ, ಸಮ ಆಗ್ತಿತ್ತು ಅಷ್ಟೇ. ಸಮ ಆದ್ರೆ ಪ್ರಜಾಪ್ರತಿನಿಧಿ ಕಾಯ್ದೆ 65ನೇ ಸೆಕ್ಷನ್ ಪ್ರಕಾರ ಚುನಾವಣಾಧಿಕಾರಿ ಚೀಟಿ ಎತ್ತಬೇಕು, ಯಾರ ಹೆಸ್ರು ಬರುತ್ತೋ ಅವರಿಗೆ ಒಂದು ಓಟು ಜಾಸ್ತಿ ಬಂತು ಅಂತ ಲೆಕ್ಕ. ಒಬ್ಬ ಬಡ ಡ್ರೈವರ್ ತಲೆ ಮೇಲೆ ಇಷ್ಟು ವರ್ಷ ಇಡೀ ಸೋಲನ್ನ ಹೊರಿಸಿದ್ದು ನನಗೆ ಯಾವತ್ತೂ ಸರಿ ಕಂಡಿಲ್ಲ. ಎರಡೂ ಕಡೆ ಸೇರಿ ಎಂಬತ್ತೊಂದು ಸಾವಿರ ಚಿಲ್ಲರೆ ಜನ ಹಾಕಿದಾರೆ, ಹಾಕದೇ ಇದ್ದೋರು ಸಾವಿರಾರು ಜನ ಇದಾರೆ, ಹೆಸ್ರು ಉಳಿದಿದ್ದು ಮಾತ್ರ ಡ್ರೈವರ್ ಅಂತ.

ಇಂಥದ್ದು ಇನ್ನೊಂದು ರಾಜಸ್ಥಾನದಲ್ಲಿ ಆಗಿದೆ, 2008ರಲ್ಲಿ ನಾಥದ್ವಾರದಲ್ಲಿ ಸಿ.ಪಿ. ಜೋಶಿ 62,215 ತಗೊಂಡು ಒಂದೇ ಓಟಲ್ಲಿ ಸೋತ್ರು. ನಿನ್ನೆ ಜಯನಗರದಲ್ಲೂ ರಾತ್ರಿ ತನಕ ಮರುಎಣಿಕೆ ಮಾಡಿ ಮಾಡಿ ಕೊನೆಗೆ 16 ಓಟಲ್ಲಿ ಸಿ.ಕೆ. ರಾಮಮೂರ್ತಿ ಗೆದ್ದಿದ್ದು, ಸೋತ ಸೌಮ್ಯಾ ರೆಡ್ಡಿ ಅವ್ರ ಮುಖ ಟಿವಿಲಿ ನೋಡಿ ನಮ್ಮನೇಲಿ ಎಲ್ರಿಗೂ 2004 ನೆನಪಾಯ್ತು.

ಆದ್ರೆ ಅವತ್ತಿನ ಸೋಲಿಗಿಂತ ಅದರ ನಂತರದ್ದು ದೊಡ್ಡ ಕಥೆ. 2008ಕ್ಕೆ ಕ್ಷೇತ್ರ ಮರುವಿಂಗಡಣೆ ಆಗಿ ಸಂತೇಮರಹಳ್ಳಿ ಕ್ಷೇತ್ರನೇ ಹೋಯ್ತು, ನಮ್ಮನ್ನ ಕೊಳ್ಳೇಗಾಲಕ್ಕೆ ಸೇರಿಸಿದ್ರು. ಒಂದು ಓಟಲ್ಲಿ ಕಳ್ಕೊಂಡಿದ್ದನ್ನ ವಾಪಸ್ ಗೆಲ್ಲೋಣ ಅಂದ್ರೆ ಆ ಸೀಟೇ ಇಲ್ಲ. 2009ರಲ್ಲಿ ಎಆರ್‌ಕೆ ಬಿಜೆಪಿಯಿಂದ ಚಾಮರಾಜನಗರ ಲೋಕಸಭೆಗೆ ನಿಂತ್ರು, ಎದುರಿಗೆ ಮತ್ತೆ ಅದೇ ಧ್ರುವನಾರಾಯಣ, ನಾಲ್ಕು ಸಾವಿರದ ಆಸುಪಾಸಲ್ಲಿ ಸೋತ್ರು. 2014ರಲ್ಲಿ ಮತ್ತೆ ಬಿಜೆಪಿ, ಮತ್ತೆ ಧ್ರುವನಾರಾಯಣ, ಈ ಸಲ 1.41 ಲಕ್ಷ ಓಟಿನ ಸೋಲು. ಮೂರೂ ಸಲ ಸೋಲಿಸಿದ್ದು ಒಬ್ರೇ. ಆಮೇಲೆ ಅದೇ ಧ್ರುವನಾರಾಯಣ ಇದ್ದ ಕಾಂಗ್ರೆಸ್ಸಿಗೇ ಬಂದು 2018ರಲ್ಲಿ ಕೊಳ್ಳೇಗಾಲದಿಂದ ನಿಂತ್ರು, ಆಗ್ಲೂ 19,454 ಓಟಲ್ಲಿ ಸೋಲು. ಪಾರ್ಟಿ ಬದಲಾಯಿಸಿದ್ದು ನನಗೆ ಇಷ್ಟ ಆಗಿಲ್ಲ, ಅದನ್ನ ಮುಚ್ಚಿಡೋದೂ ಇಲ್ಲ. ಜನತಾದಳದ ಮನೆಯಿಂದ ಬಂದವ್ರು ಬಿಜೆಪಿಗೆ ಹೋಗಿ ಆಮೇಲೆ ಕಾಂಗ್ರೆಸ್ಸಿಗೆ ಬಂದಿದಾರೆ. ಆದ್ರೆ ಸೋತಾಗೆಲ್ಲ ಬೆಂಗಳೂರು ಮೈಸೂರು ಅಂತ ಹೋಗಿ ಕೂತವ್ರಲ್ಲ, ತಿಥಿ ಮದ್ವೆ ಹಬ್ಬ ಅಂತ ನಮ್ಮ ಕಡೆ ಓಡಾಡ್ಕೊಂಡೇ ಇದ್ರು, ಅದನ್ನ ನಾನೇ ನೋಡಿದೀನಿ.

ಧ್ರುವನಾರಾಯಣ ಅವ್ರದ್ದೂ ಬರೀಲೇಬೇಕು. 2019ರಲ್ಲಿ ಅವ್ರು ಲೋಕಸಭೆಗೆ ವಿ. ಶ್ರೀನಿವಾಸಪ್ರಸಾದ್ ಎದುರು ಬರೀ 1,817 ಓಟಲ್ಲಿ ಸೋತ್ರು. ಈ ವರ್ಷ ಮಾರ್ಚ್ 11ಕ್ಕೆ ಹೃದಯಾಘಾತ ಆಗಿ ತೀರ್ಕೊಂಡ್ರು, ಎಲೆಕ್ಷನ್‌ಗೆ ಎರಡು ತಿಂಗಳಷ್ಟೇ ಇತ್ತು. ಅವತ್ತು ಹೆಗ್ಗವಾಡಿಗೆ ಹೋದ ಜನ ನೋಡಿದ್ರೆ ಯಾವ ಪಾರ್ಟಿಯವ್ರು ಅಂತ ಹೇಳೋಕೇ ಆಗ್ತಿರ್ಲಿಲ್ಲ. ಮಗ ದರ್ಶನ್ ನಿನ್ನೆ ನಂಜನಗೂಡಲ್ಲಿ ಗೆದ್ರು. ಒಂದೇ ದಿನ, ಹತ್ತಿರದ ಎರಡು ಕ್ಷೇತ್ರದಲ್ಲಿ ಅಪ್ಪನ ಹಳೇ ಎದುರಾಳಿ ಒಂದ್ಕಡೆ, ಮಗ ಒಂದ್ಕಡೆ, ಇಬ್ರೂ ಒಂದೇ ಪಾರ್ಟಿ.

ಈಗ ನಿನ್ನೆ ಎಆರ್‌ಕೆ ಎದುರು ಸೋತ ಎನ್. ಮಹೇಶ್ ವಿಷ್ಯಕ್ಕೆ ಬರ್ತೀನಿ, ನಿಜ ಹೇಳ್ಬೇಕಂದ್ರೆ ನಿನ್ನೆ ನನ್ನ ತಲೇಲಿ ಜಾಸ್ತಿ ಓಡ್ತಿದ್ದಿದ್ದು ಇದೇ. ಸರ್ಕಾರಿ ಅಧಿಕಾರಿ ಕೆಲ್ಸ ಬಿಟ್ಟು ಬಿಎಸ್ಪಿ ಕಟ್ಟೋಕೆ ಬಂದ ಮನುಷ್ಯ. ನಿಂತರು, ಸೋತರು, ಮತ್ತೆ ನಿಂತರು, ಮತ್ತೆ ಸೋತರು, 2013ರಲ್ಲಂತೂ ಕಾಂಗ್ರೆಸ್ಸಿನ ಎಸ್. ಜಯಣ್ಣ ಅವರ ಎದುರು ಎರಡನೇ ಸ್ಥಾನಕ್ಕೆ ಬಂದು ಹತ್ತು ಸಾವಿರದ ಸುಮಾರಿಗೆ ಸೋತರು. ಅಷ್ಟೂ ವರ್ಷ ಅವರ ಜೊತೆ ಓಡಾಡಿದ್ದು ನಮ್ಮ ಕೇರಿ ಹುಡುಗ್ರು, ಕೂಲಿ ಬಿಟ್ಟು, ಸ್ವಂತ ದುಡ್ಡಲ್ಲಿ ಬೈಕಿಗೆ ಪೆಟ್ರೋಲ್ ಹಾಕ್ಕೊಂಡು. ಪಾರ್ಟಿ ಶುರು ಮಾಡಿದ ಕಾನ್ಶೀರಾಮ್ ಅವರ ಕಾಲದಿಂದ್ಲೂ ಬಿಎಸ್ಪಿಯವ್ರು ಓಟಿನ ಜೊತೆ ಒಂದು ನೋಟೂ ಕೊಡಿ ಅಂತ ಕೇಳೋರು. ನಮ್ಮನೆಗೂ ಬಂದಿದ್ರು, ಅಜ್ಜಿ ಎಲೆಅಡಿಕೆ ಚೀಲದ ಒಳಗಿನ ಪದರದಿಂದ ಮಡಿಕೆ ಮಡಿಕೆಯಾಗಿದ್ದ ಹತ್ತು ರೂಪಾಯಿ ನೋಟು ತೆಗೆದು, ಬೆರಳಲ್ಲಿ ಸವರಿ ನೆಟ್ಟಗೆ ಮಾಡಿ ಡಬ್ಬಿಗೆ ಹಾಕಿದ್ದು ನನಗೆ ಚೆನ್ನಾಗಿ ನೆನಪಿದೆ. ಉಳಿದ ಪಾರ್ಟಿಯವ್ರು ರಾತ್ರೋರಾತ್ರಿ ಬಂದು ಕೊಡ್ತಾರೆ, ಇವ್ರು ಹಗಲಲ್ಲೇ ಬಂದು ಕೇಳ್ತಾರಲ್ಲ ಅಂತ ಊರೆಲ್ಲ ಮಾತಾಡಿತ್ತು. ಕೊಟ್ಟವ್ರಿಗೆ ಅದು ತಮ್ಮ ಪಾರ್ಟಿ ಅನ್ನಿಸೋಕೆ ಶುರುವಾಗಿದ್ದೇ ಆ ಹತ್ತು ರೂಪಾಯಿಂದ.

2018ರಲ್ಲಿ ಜೆಡಿಎಸ್ ಮೈತ್ರಿ ಇತ್ತು, ಬಿಎಸ್ಪಿಯ ಆನೆ ಗುರುತಿಗೆ 71,792 ಬಂತು, ಮಹೇಶ್ ಗೆದ್ರು. ರಾಜ್ಯದಲ್ಲಿ ಬಿಎಸ್ಪಿಗೆ ಅದೊಂದೇ ಸೀಟು. ಅವತ್ತು ಕೊಳ್ಳೇಗಾಲ ರಸ್ತೇಲಿ ನೀಲಿ ಬಾವುಟ ಹಿಡ್ಕೊಂಡು ಅಳ್ತಾ ಕುಣೀತಿದ್ದ ವಯಸ್ಸಾದವ್ರನ್ನ ನೋಡಿದೀನಿ. ಕುಮಾರಸ್ವಾಮಿ ಸರ್ಕಾರದಲ್ಲಿ ಶಿಕ್ಷಣ ಮಂತ್ರಿನೂ ಆದ್ರು, ನಾಲ್ಕೇ ತಿಂಗಳಿಗೆ ಅಕ್ಟೋಬರಲ್ಲಿ ರಾಜೀನಾಮೆ ಕೊಟ್ರು. 2019 ಜುಲೈನಲ್ಲಿ ವಿಶ್ವಾಸಮತದ ದಿನ ಸರ್ಕಾರದ ಪರ ಓಟ್ ಹಾಕಿ ಅಂತ ಮಾಯಾವತಿ ಹೇಳಿದ್ರೂ ಸದನಕ್ಕೇ ಹೋಗ್ಲಿಲ್ಲ, ಪಾರ್ಟಿಯಿಂದ ತೆಗೆದ್ರು. 2021 ಆಗಸ್ಟಲ್ಲಿ ಬಿಜೆಪಿ ಸೇರಿದ್ರು. ಈ ಸಲ ಕಮಲದ ಗುರುತಲ್ಲಿ ಅವರಿಗೆ ಬಂದಿದ್ದು 48,844. ಎಆರ್‌ಕೆಗೆ 1,08,363.

ಅಭಿವೃದ್ಧಿಗೋಸ್ಕರ ಹೋದೆ ಅಂತ ಅವ್ರ ಕಡೆಯವ್ರು ಹೇಳ್ತಾರೆ, ಕ್ಷೇತ್ರಕ್ಕೆ ಒಂದಷ್ಟು ಕೆಲ್ಸ ಆಗಿದ್ದೂ ಇರ್ಬೋದು. ಇಬ್ರೂ ಪಾರ್ಟಿ ಬದಲಾಯಿಸಿದವ್ರೇ, ಎಆರ್‌ಕೆ ಒಬ್ರನ್ನೇ ಯಾಕೆ ಜನ ಮಾಫಿ ಮಾಡಿದ್ರು ಅಂತ ನನ್ನ ತಂಗಿ ಗಂಡ ನಿನ್ನೆ ವಾದಕ್ಕೆ ಕೂತಿದ್ರು. ಅವ್ರಿಗೆ ಹೇಳಿದ್ದನ್ನೇ ಇಲ್ಲೂ ಬರೀತೀನಿ. ಎಆರ್‌ಕೆಗೆ ಓಟು ಹಾಕ್ತಿದ್ದವ್ರು ಮೊದಲಿಂದ್ಲೂ ಆ ಮನುಷ್ಯನ್ನ ನೋಡಿ, ರಾಚಯ್ಯನವರ ಮನೆತನ ನೋಡಿ ಹಾಕ್ತಿದ್ದವ್ರು, ಅವರು ಎಲ್ಲಿಗೆ ಹೋದ್ರೂ ಅವರೇ. ಮಹೇಶ್ ಹಂಗಲ್ಲ, ಅವರನ್ನ ಸೋತಾಗ್ಲೂ ಬಿಡದೆ ನಿಲ್ಲಿಸಿದ್ದು ಒಂದು ಚಳುವಳಿ. ಮತ್ತೆ ಮತ್ತೆ ಸೋಲೋಕೆ ಅಭ್ಯರ್ಥಿ ಒಬ್ಬರಿಗೇ ಧೈರ್ಯ ಇದ್ರೆ ಸಾಲಲ್ಲ, ಪ್ರತಿ ಸಲ ಗೋಡೆಗೆ ಆನೆ ಬರೆದವ್ರು, ಮತಗಟ್ಟೇಲಿ ಏಜೆಂಟ್ ಆಗಿ ಊಟ ಇಲ್ದೆ ಸಂಜೆವರೆಗೂ ಕೂತವ್ರು, ಅವ್ರೂ ಅಷ್ಟೇ ಸಲ ಸೋತಿರ್ತಾರೆ. ಗೆದ್ದ ಮೇಲೆ ಅವ್ರನ್ನ ಒಂದು ಮಾತೂ ಕೇಳ್ದೆ ಆಚೆ ಹೋದ್ರೆ ಅವ್ರು ಹಿಂದೆ ಬರಲ್ಲ, ಬರ್ಲೂಬಾರ್ದು.

ಹಂಗಂತ ಎಆರ್‌ಕೆ ಗೆದ್ದಿದ್ದು ಬರೀ ಅವರ ಛಲದಿಂದ ಅಂತ ನಾನು ಹೇಳಲ್ಲ. ರಾಜ್ಯದಲ್ಲೇ ಕಾಂಗ್ರೆಸ್ ಗಾಳಿ ಇತ್ತು, ಗ್ಯಾರಂಟಿ ಕಾರ್ಡ್ ಮನೆಮನೆಗೂ ಬಂದಿತ್ತು, ಧ್ರುವನಾರಾಯಣ ಹೋದ ದುಃಖ ಇತ್ತು, ಆನೆ ಬಿಟ್ಟು ಹೋದವರ ಮೇಲೆ ಸಿಟ್ಟಿತ್ತು. ಪಕ್ಕದ ಹನೂರಲ್ಲಿ ಅದೇ ಗಾಳಿ ಕೆಲ್ಸ ಮಾಡ್ಲಿಲ್ಲ ನೋಡಿ, ಅಲ್ಲಿ 2018ರಲ್ಲಿ ಸೋತಿದ್ದ ಎಂ.ಆರ್. ಮಂಜುನಾಥ್ ಜೆಡಿಎಸ್‌ನಿಂದಲೇ ಮತ್ತೆ ನಿಂತು ಕಾಂಗ್ರೆಸ್ಸಿನ ಆರ್. ನರೇಂದ್ರ ಅವರನ್ನ ಸೋಲಿಸಿದಾರೆ.

ಅಜ್ಜಿ ಈ ಸಲ ಮನೇಲೇ ಓಟ್ ಹಾಕಿದ್ದು. ಎಂಬತ್ತು ದಾಟಿದವ್ರಿಗೆ ಮನೆಗೇ ಬರ್ತಾರೆ ಅಂತ ಗೊತ್ತಾಗಿ 12ಡಿ ಫಾರಂ ತುಂಬಿಸಿದ್ವಿ. ಅಧಿಕಾರಿಗಳು, ಒಬ್ರು ಪೊಲೀಸು, ವಿಡಿಯೋ ತೆಗೆಯೋ ಹುಡುಗ ಎಲ್ಲ ಬಂದು ಜಗಲಿ ಮೇಲೆ ರಟ್ಟಿನ ಮರೆ ಇಟ್ಟು ಓಟಿನ ಚೀಟಿ ಕೊಟ್ರು. ಅಜ್ಜಿ ಅದನ್ನ ಹಿಂದೆ ಮುಂದೆ ತಿರುಗಿಸಿ "ಬಟನ್ ಎಲ್ಲಪ್ಪ ಮಡಗಿದ್ದೀರಿ?" ಅಂತ ಕೇಳ್ತು. ಯಾರಿಗೆ ಹಾಕ್ದೆ ಅಂತ ನಾವೂ ಕೇಳ್ಲಿಲ್ಲ, ಅದೂ ಹೇಳ್ಲಿಲ್ಲ. ನಿನ್ನೆ ರಿಸಲ್ಟ್ ಹೇಳಿದಾಗ ಮಾತ್ರ "ರಾಚಯ್ಯನ ಮಗ ಕೊನೆಗೂ ಗೆದ್ದನಾ, ಆ ಹುಡ್ಗ ಹೋಗ್ಬುಟ್ಟನಲ್ಲ" ಅಂತು, ಆ ಹುಡ್ಗ ಅಂದ್ರೆ ಧ್ರುವನಾರಾಯಣ.

ರಾತ್ರಿ ಹಳೇ ಗೆಳೆಯ ಒಬ್ಬ ಫೋನ್ ಮಾಡಿದ್ದ, ಮಹೇಶ್ ಅವರ ಎಲ್ಲಾ ಎಲೆಕ್ಷನ್‌ಗೂ ದುಡಿದಿದ್ದವ್ನು, ಈ ಸಲ ಮನೆಯಿಂದ ಆಚೆನೇ ಬಂದಿರ್ಲಿಲ್ಲ. ಅವ್ರು ಸೋತಿದ್ದಕ್ಕೆ ಖುಷಿನಾ ಅಂದೆ. ಖುಷಿ ಎಲ್ಲಿಂದ ಬರ್ಬೇಕು ಹೇಳು, ನನ್ನ ಹದಿನೈದು ವರ್ಷ ಅಲ್ಲಿದೆ ಅಂದ. ಆಮೇಲೆ ಅವನೇ ಮಾತು ತಿರುಗಿಸ್ದ, ನಮ್ಮ ಕೇರಿ ಅಂಬೇಡ್ಕರ್ ಭವನ ಗೋಡೆ ಎದ್ದು ಸೂರಿಲ್ದೆ ನಿಂತಿದೆಯಲ್ಲ, ಹೊಸ ಎಂಎಲ್ಎ ಥ್ಯಾಂಕ್ಸ್ ಹೇಳೋಕೆ ಬಂದಾಗ ಹಾರ ಹಾಕೋ ಮುಂಚೆ ಅಲ್ಲಿಗೆ ಕರ್ಕೊಂಡು ಹೋಗ್ಬೇಕು ಅಂದ. ಸರಿ ಅಂದೆ. ಅರ್ಜಿ ನಾನು ಬರೀತೀನಿ, ಮನೆಮನೆ ಸಹಿ ಅವನು ಮಾಡಿಸ್ತಾನೆ, ಯಾವ ಗುರುತಿಗೆ ಓಟ್ ಹಾಕಿದವ್ರೇ ಆಗ್ಲಿ ಎಲ್ರ ಸಹಿನೂ ಬೇಕು ಅಂತ ಮಾತಾಗಿದೆ.